ನಿರ್ಜನ ದ್ವೀಪಕ್ಕೊಂದು ಹಿಡಿ ಜೋಳ

ಕೊಡುವ ಕ್ರಿಯೆಗೆ ನಮ್ಮ ಶರಣರು ಇಟ್ಟ ಹೆಸರು ದಾಸೋಹ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಈ ಮೇಲುಕೀಳುಗಳಿಗೆ ಎಡೆಯಿಲ್ಲ. ದುಡಿದು ಗಳಿಸಿದುದರಲ್ಲಿ ತನಗೆಷ್ಟು ಬೇಕೋ ಅಷ್ಟನ್ನು ಮಾತ್ರ ಬಳಸಿ ಉಳಿದುದನ್ನು ಸಮಾಜಕ್ಕೆ ಸಲ್ಲಿಸುವುದು, ಸಲ್ಲಿಸಿದೆನೆಂಬ ಭಾವವನ್ನೂ ಅದರೊಡನೆಯೇ ಸಲ್ಲಿಸಿಬಿಡುವುದು ಅದರ ತಿರುಳು. ಇದನ್ನು ನಾವೆಲ್ಲ ಪ್ರವಚನಗಳಲ್ಲಿ ಬಹಳ ಸಲ ಕೇಳಿದ್ದೇವೆ. ಆದರೆ ಕೇಳಿದ ತತ್ತ್ವವನ್ನು ಬದುಕಿನ ಒಂದು ವಿಚಿತ್ರ ಸಂದರ್ಭಕ್ಕೆ ಹೊಂದಿಸಿ ನೋಡಬೇಕಾದಾಗ ಅದರ ನಿಜವಾದ ಕಷ್ಟ ತಿಳಿಯುತ್ತದೆ. ಮನುಷ್ಯರೇ ಇಲ್ಲದ, ವರ್ಷವಿಡೀ ಹಿಮ ಹೊದ್ದಿರುವ ಒಂದು ದ್ವೀಪಕ್ಕೆ ಹೋಗಿ ಕೆಲವು ದಿನ ರೇಡಿಯೋದಲ್ಲಿ ಮಾತನಾಡಿ ಬರುವವರಿಗೆ ಹಣ ಕೊಡುವುದು ದಾಸೋಹವೇ, ಹವ್ಯಾಸವೇ, ಅಥವಾ ಬರೀ ಹುಚ್ಚೇ? ಈ ಪ್ರಶ್ನೆ ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಎದ್ದಿತು. ಅದನ್ನು ಕುರಿತು ಯೋಚಿಸುತ್ತ ನಾನು ಕಂಡುಕೊಂಡ ಕೆಲವು ವಿಚಾರಗಳನ್ನು ಓದುಗ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲು ಹವ್ಯಾಸಿ ರೇಡಿಯೋ ಎಂದರೇನೆಂಬುದನ್ನು ಹೇಳಬೇಕು. ಅದು ಆಕಾಶವಾಣಿಯಂತಲ್ಲ. ಆಕಾಶವಾಣಿಯಲ್ಲಿ ಹೇಳುವವರು ಕೆಲವರು, ಕೇಳುವವರು ಲಕ್ಷಾಂತರ ಜನ. ಹವ್ಯಾಸಿ ರೇಡಿಯೋದಲ್ಲಿ ಹೇಳುವವನೂ ಕೇಳುವವನೂ ಒಬ್ಬನೇ. ಇಂಥವರನ್ನು ಲೋಕವೆಲ್ಲ 'ಹ್ಯಾಮ್' ಎಂದು ಕರೆಯುತ್ತದೆ. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಸಂಪರ್ಕ ಖಾತೆಗೆ ಸೇರಿದ ವೈರ್‌ಲೆಸ್ ವಿಭಾಗವು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಪರವಾನಗಿ ದೊರೆಯುತ್ತದೆ. ಅದರೊಡನೆ ವಿಯು2 ಅಥವಾ ವಿಯು3 ಎಂದು ಆರಂಭವಾಗುವ ಒಂದು ಕರೆಸಂಕೇತವೂ ದೊರೆಯುತ್ತದೆ. ಆ ಸಂಕೇತವೇ ಆಕಾಶದಲ್ಲಿ ಅವರ ಹೆಸರು. ನಮ್ಮ ಪ್ರಧಾನಿಗಳಾಗಿದ್ದ ರಾಜೀವ್ ಗಾಂಧಿಯವರೂ ವಿಯು2ಆರ್‌ಜಿ ಎಂಬ ಸಂಕೇತವನ್ನು ಹೊಂದಿದ ಹ್ಯಾಮ್ ಆಗಿದ್ದರು. ಈ ರೇಡಿಯೋದಲ್ಲಿ ವ್ಯಾಪಾರ ಮಾಡುವಂತಿಲ್ಲ, ಹಣ ಪಡೆದು ಸಂದೇಶ ಕಳಿಸುವಂತಿಲ್ಲ. ಹೀಗಾಗಿ ಇದರಿಂದ ಗಳಿಕೆ ಎಂಬುದು ಇಲ್ಲವೇ ಇಲ್ಲ.

ಗದಗಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದು ಹಳೆಯ ಬೇವಿನ ಮರವಿದೆ. ಅದರ ತುದಿಯಿಂದ ಮಾಳಿಗೆಯ ಮೇಲಿನ ಕಂಬಕ್ಕೆ ಕಟ್ಟಿದ ತಾಮ್ರದ ತಂತಿಯೇ ನನ್ನ ಆಂಟೆನಾ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಕಾಲದಲ್ಲಿ, 1986ರಲ್ಲಿ, ನನಗೆ ಪರವಾನಗಿ ದೊರೆಯಿತು. ಭೂಮಿಯಿಂದ ನೂರಾರು ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳವೆಂಬ ಪದರವಿದೆ. ಸೂರ್ಯನ ಕಿರಣಗಳ ಬಲದಿಂದ ಉಂಟಾದ ಈ ಪದರವು ಕೆಲವು ಅಲೆಗಳನ್ನು ಮರಳಿ ಭೂಮಿಗೆ ಬಾಗಿಸುತ್ತದೆ. ಬೇವಿನ ಮರದಿಂದ ಹೊರಟ ಅಲೆ ಹೀಗೆ ಮೇಲೇರಿ ಕೆಳಗಿಳಿದು, ಮತ್ತೆ ಮೇಲೇರಿ, ಸಾವಿರಾರು ಕಿಲೋಮೀಟರ್ ಆಚೆಯ ಒಬ್ಬ ಅಪರಿಚಿತನ ಕಿವಿಯನ್ನು ಮುಟ್ಟುತ್ತದೆ. ನಡುವೆ ತಂತಿಯಿಲ್ಲ, ಉಪಗ್ರಹವಿಲ್ಲ, ಯಾವ ಕಂಪನಿಯೂ ಇಲ್ಲ.

ಜಗತ್ತಿನ ಹ್ಯಾಮ್‌ಗಳಲ್ಲಿ ಒಂದು ದೊಡ್ಡ ಆಟವಿದೆ. ಅಮೆರಿಕದ ಹವ್ಯಾಸಿ ರೇಡಿಯೋ ಸಂಘವು 1930ರ ದಶಕದಲ್ಲಿ ಇದನ್ನು ಆರಂಭಿಸಿತು. ಜಗತ್ತಿನ ದೇಶಗಳನ್ನೂ ದೂರದ ದ್ವೀಪಗಳನ್ನೂ ಪ್ರತ್ಯೇಕವಾಗಿ ಎಣಿಸಿ ಆ ಸಂಘವು ಒಂದು ಪಟ್ಟಿಯನ್ನು ಮಾಡಿದೆ. ಅದರಲ್ಲಿ ಸದ್ಯ 340 ಸ್ಥಳಗಳಿವೆ. ಭಾರತ ಒಂದಾದರೆ, ಅಂಡಮಾನ್ ನಿಕೋಬಾರ್ ಇನ್ನೊಂದು, ಲಕ್ಷದ್ವೀಪ ಮತ್ತೊಂದು. ನೂರು ಸ್ಥಳಗಳೊಡನೆ ಸಂಪರ್ಕ ಸಾಧಿಸಿದವರಿಗೆ ಪ್ರಶಸ್ತಿಪತ್ರ. ಎಲ್ಲವನ್ನೂ ಮುಟ್ಟಬೇಕೆಂದು ಜೀವಮಾನವಿಡೀ ಹಂಬಲಿಸುವವರು ಸಾವಿರಾರು ಜನ. ಪಟ್ಟಿಯಲ್ಲಿರುವ ಕೆಲವು ಸ್ಥಳಗಳಲ್ಲಿ ಜನವಸತಿಯೇ ಇಲ್ಲ. ಅಲ್ಲಿಗೆ ಯಾರಾದರೂ ರೇಡಿಯೋ ಹೊತ್ತುಕೊಂಡು ಹೋಗಿ ಕರೆದ ಹೊರತು ಅವು ಆಕಾಶದಲ್ಲಿ ಮೂಕವಾಗಿಯೇ ಉಳಿಯುತ್ತವೆ. ಹಾಗೆ ಹೋಗುವ ತಂಡಗಳ ಯಾತ್ರೆಯೇ ರೇಡಿಯೋ ದಂಡಯಾತ್ರೆ.

ಇಂಥ ದ್ವೀಪಗಳಲ್ಲೆಲ್ಲ ಅತ್ಯಂತ ಕಠಿಣವಾದವುಗಳಲ್ಲಿ ಒಂದು ಬೂವೆ. ಅದು ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ನಾರ್ವೆ ದೇಶಕ್ಕೆ ಸೇರಿದ ಒಂದು ಅಗ್ನಿಪರ್ವತ ದ್ವೀಪ. ಆಫ್ರಿಕದ ತುದಿಯಿಂದ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್, ಅಂಟಾರ್ಕ್ಟಿಕದಿಂದ ಸುಮಾರು 1,700 ಕಿಲೋಮೀಟರ್ ದೂರ. ವಿಸ್ತೀರ್ಣ ಸುಮಾರು 49 ಚದರ ಕಿಲೋಮೀಟರ್. ಅದರ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಹಿಮನದಿಗಳ ಕೆಳಗಿದೆ. 1739ರ ಜನವರಿ 1ರಂದು ಫ್ರಾನ್ಸಿನ ನಾವಿಕ ಬೂವೆ ಅದನ್ನು ಕಂಡನಾದರೂ ಇಳಿಯಲಾಗಲಿಲ್ಲ. ಇಂದಿಗೂ ಅಲ್ಲಿ ಬಂದರಿಲ್ಲ. ಸುತ್ತಲೂ ಹಿಮದ ಗೋಡೆ, ಬಂಡೆ, ಅಬ್ಬರಿಸುವ ಅಲೆ. ಸೀಲ್‌ಗಳೂ ಪೆಂಗ್ವಿನ್‌ಗಳೂ ಅಲ್ಲಿಯ ನಿವಾಸಿಗಳು. 1989ರ ಕೊನೆಯಲ್ಲಿ ಹೋಗಿದ್ದ ಒಂದು ದೊಡ್ಡ ತಂಡವು 1990ರ ಆರಂಭದವರೆಗೂ ಅಲ್ಲಿದ್ದು ಹತ್ತಾರು ಸಾವಿರ ಸಂಪರ್ಕಗಳನ್ನು ಮಾಡಿತ್ತು. ಆಮೇಲೆ ಅಷ್ಟು ದೊಡ್ಡ ಪ್ರಯತ್ನ ಬಹುಕಾಲ ನಡೆಯಲಿಲ್ಲ.

2018ರ ಆರಂಭದಲ್ಲಿ ಇಪ್ಪತ್ತು ಜನರ ಅಂತಾರಾಷ್ಟ್ರೀಯ ತಂಡವೊಂದು ಬೂವೆಗೆ ಹೊರಡುವುದಾಗಿ ತಿಳಿದು, ಅದಕ್ಕೂ ಮುಂಚಿನ ವರ್ಷ ಆ ತಂಡದವರು ಜಗತ್ತಿನ ಹ್ಯಾಮ್‌ಗಳೆಲ್ಲರ ನೆರವು ಕೇಳಿದಾಗ, ನಾನೂ 50 ಡಾಲರ್ ಕಳಿಸಲು ಮನಸ್ಸು ಮಾಡಿದೆ. ಆಗಿನ ಲೆಕ್ಕದಲ್ಲಿ ಅದು ಸುಮಾರು 3,200 ರೂಪಾಯಿ. ನಿವೃತ್ತಿಯ ನಂತರ ಊರಿನ ಭಜನಾ ಮಂಡಳಿಗಳ ಆಂಪ್ಲಿಫೈಯರುಗಳನ್ನೂ ನೆರೆಹೊರೆಯವರ ಹಳೆಯ ರೇಡಿಯೋಗಳನ್ನೂ ದುರಸ್ತಿ ಮಾಡಿ ನಾನು ಗಳಿಸಿದ ಹಣ ಅದು. ಮಗನ ಕ್ರೆಡಿಟ್ ಕಾರ್ಡಿನ ಮೂಲಕ ಕಳಿಸಬೇಕಾಗಿದ್ದುದರಿಂದ ವಿಷಯ ಮನೆಯವರಿಗೆಲ್ಲ ತಿಳಿಯಿತು.

ಆಗ ಎಂಬತ್ತು ದಾಟಿದ್ದ ಅವ್ವ ಪಡಸಾಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು. "ಯಪ್ಪಾ, ಆ ನಡುಗಡ್ಡ್ಯಾಗ ಯಾರ ಅದಾರ?" ಎಂದರು.

"ಯಾರೂ ಇಲ್ಲ, ಅವ್ವಾ."

"ಯಾರೂ ಇಲ್ಲದಲ್ಲಿ ಹೋಗಿ ಯಾರ ಜೋಡಿ ಮಾತಾಡ್ತಾರ?"

"ನಮ್ಮ ಜೋಡಿ."

ಅವ್ವ ನಕ್ಕರು. ಆದರೆ ಹಳ್ಳಿಯಿಂದ ಬಂದಿದ್ದ ನನ್ನ ಅಣ್ಣನವರು ನಗಲಿಲ್ಲ. "ತಮ್ಮಾ, ನಮ್ಮೂರ ಸಾಲಿ ಹಂಚು ಸೋರಾಕ ಹತ್ತಿ ಎರಡು ಮಳಿಗಾಲ ಆತು. ಹುಡುಗರು ಮೂಲ್ಯಾಗ ಒತ್ತಿಕೊಂಡು ಕುಂದರತಾವು. ನೀ ನೋಡಿದರ ಹಿಮದ ಗುಡ್ಡಕ್ಕ ರೊಕ್ಕಾ ಕಳಸ್ತಿ. ಇದು ಯಾವ ನ್ಯಾಯ?" ಎಂದು ನೇರವಾಗಿಯೇ ಕೇಳಿದರು. ಶಾಲೆಯ ಮಾಳಿಗೆಗೆ ನಾನೂ ನನ್ನ ಪಾಲನ್ನು ಕೊಟ್ಟಿದ್ದೆನೆಂಬುದು ಅವರಿಗೆ ಗೊತ್ತಿತ್ತು. ಆದರೂ ಅವರ ಪ್ರಶ್ನೆ ಅದರಿಂದ ಅಳಿಯುವಂಥದಲ್ಲ. ಲೋಕದಲ್ಲಿ ಸೋರುವ ಮಾಳಿಗೆ ಒಂದಾದರೂ ಇರುವತನಕ ಆಟಕ್ಕೆ ಹಣ ಸುರಿಯುವುದು ಸರಿಯೇ ಎಂಬುದು ಆ ಪ್ರಶ್ನೆಯ ಹುರುಳು. ಅದಕ್ಕೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಹಣವನ್ನು ಕಳಿಸಿದೆ, ಪ್ರಶ್ನೆಯನ್ನು ಇಟ್ಟುಕೊಂಡೆ.

ಉತ್ತರ ಹುಡುಕುತ್ತ, ಇಂಥ ಯಾತ್ರೆಗಳನ್ನು ಹೇಗೆ ಏರ್ಪಡಿಸುತ್ತಾರೆ, ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮನಗೊಟ್ಟು ಅಭ್ಯಾಸ ಮಾಡಿದೆ. ಅದರಲ್ಲಿ ನಮ್ಮ ಸಂಘಸಂಸ್ಥೆಗಳವರೂ ಕಲಿಯಬಹುದಾದ ಶಿಸ್ತೊಂದು ನನಗೆ ಕಂಡಿತು.

ಮೊದಲನೆಯದು ಅನುಮತಿ. ದ್ವೀಪವು ಯಾವ ದೇಶದ್ದೋ ಆ ದೇಶದ ಸಮ್ಮತಿಯಿಲ್ಲದೆ ಕಾಲಿಡುವಂತಿಲ್ಲ. ಬೂವೆಯು 1971ರಿಂದ ಸಂರಕ್ಷಿತ ನಿಸರ್ಗಧಾಮ. ನಾರ್ವೆಯ ಧ್ರುವ ಸಂಶೋಧನ ಸಂಸ್ಥೆಯ ಒಪ್ಪಿಗೆ ಬೇಕು. ಎಷ್ಟು ಜನ, ಎಷ್ಟು ದಿನ, ಇಂಧನ ಎಷ್ಟು, ಕಸವನ್ನು ಏನು ಮಾಡುವಿರಿ, ಯಾರಾದರೂ ಗಾಯಗೊಂಡರೆ ಗತಿಯೇನು ಎಂಬುದಕ್ಕೆಲ್ಲ ಬರಹದಲ್ಲಿ ಉತ್ತರ ಕೊಡಬೇಕು. ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಆಸ್ಟ್ರೇಲಿಯದ ಹರ್ಡ್ ದ್ವೀಪಕ್ಕೆ 2016ರಲ್ಲಿ ಹೋದ ತಂಡದವರು ತಮ್ಮ ಬೂಟು, ಚೀಲ, ಗುಡಾರಗಳಿಗೆ ಅಂಟಿಕೊಂಡ ಒಂದು ಬೀಜವೂ ಅಲ್ಲಿಗೆ ಹೋಗದಂತೆ ಎಚ್ಚರ ವಹಿಸಬೇಕಾಗಿತ್ತು. ಏಕೆಂದರೆ ಹೊರಗಿನ ಒಂದು ಹುಲ್ಲಿನ ಬೀಜ ಬೇರುಬಿಟ್ಟರೆ ಆ ದ್ವೀಪದ ಸಹಸ್ರಾರು ವರ್ಷಗಳ ಸಮತೋಲ ಕೆಡುತ್ತದೆ.

ಎರಡನೆಯದು ಹಡಗು. ಖರ್ಚಿನ ಸಿಂಹಪಾಲು ಇದಕ್ಕೇ. ಯಾವ ಸಾಮಾನ್ಯ ಹಡಗೂ ಹೋಗದ ಸಾಗರಕ್ಕೆ ವಾರಗಟ್ಟಲೆ ಬಾಡಿಗೆಗೆ ಒಂದು ಹಡಗನ್ನು ಗೊತ್ತುಮಾಡಬೇಕು. ಹೊರಡುವ ಎಷ್ಟೋ ತಿಂಗಳ ಮೊದಲೇ ಮುಂಗಡ ಕೊಡಬೇಕು. ಅದರ ಮೇಲೆ ವಿಮೆ, ಜನರೇಟರು, ಇಂಧನ, ಚಳಿಯನ್ನು ತಡೆಯುವ ಗುಡಾರ, ಔಷಧ, ಸಾಧ್ಯವಿದ್ದರೆ ಹೆಲಿಕಾಪ್ಟರ್. ಇವೆಲ್ಲ ಸೇರಿದರೆ ಒಂದು ಯಾತ್ರೆಗೆ ಲಕ್ಷಾಂತರ ಡಾಲರು ಬೇಕಾಗುತ್ತದೆ.

ಮೂರನೆಯದೇ ಹಣ. ಇಲ್ಲಿ ನನಗೆ ಆಶ್ಚರ್ಯವಾದ ಸಂಗತಿಯೆಂದರೆ, ದೊಡ್ಡ ಪಾಲನ್ನು ತಂಡದ ಸದಸ್ಯರೇ ತಮ್ಮ ಕಿಸೆಯಿಂದ ಹಾಕುತ್ತಾರೆ. ತಿಂಗಳುಗಟ್ಟಲೆ ಕೆಲಸಕ್ಕೆ ರಜೆ ಹಾಕಿ, ಪ್ರಾಣವನ್ನು ಪಣಕ್ಕಿಟ್ಟು, ಮೇಲೆ ದುಡ್ಡನ್ನೂ ತಾವೇ ಕೊಟ್ಟು ಹೋಗುವವರು ಅವರು. ಉಳಿದುದಕ್ಕೆ ಜಗತ್ತಿನ ಹ್ಯಾಮ್ ಸಂಘಗಳು, ಈ ಕಾರ್ಯಕ್ಕೆಂದೇ ಇರುವ ಧರ್ಮನಿಧಿಗಳು, ನನ್ನಂಥ ಬಿಡಿ ವ್ಯಕ್ತಿಗಳು ನೆರವಾಗುತ್ತಾರೆ. ರೇಡಿಯೋ ತಯಾರಿಸುವ ಕಂಪನಿಗಳು ಉಪಕರಣಗಳನ್ನು ಎರವಲು ಕೊಡುವುದುಂಟು. 1972ರಲ್ಲಿ ಅಮೆರಿಕದ ಉತ್ತರ ಕ್ಯಾಲಿಫೋರ್ನಿಯದಲ್ಲಿ ಸ್ಥಾಪನೆಯಾದ ಡಿಎಕ್ಸ್ ಪ್ರತಿಷ್ಠಾನವು ಇಂಥ ನಿಧಿಗಳಲ್ಲಿ ಹೆಸರಾದುದು. ಸದಸ್ಯರ ಸಣ್ಣಸಣ್ಣ ಕಾಣಿಕೆಗಳೇ ಅದರ ಬಂಡವಾಳ. ಅದೇ ಪ್ರತಿಷ್ಠಾನವು ಅಂತಾರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟದೊಡನೆ ಸೇರಿ ಜಗತ್ತಿನ 18 ಕಡೆ ಸಂಕೇತ ಕೇಂದ್ರಗಳನ್ನು ಏರ್ಪಡಿಸಿತು. ಒಂದೊಂದು ಕೇಂದ್ರಕ್ಕೂ ಹತ್ತು ಸೆಕೆಂಡು. ಮೂರು ನಿಮಿಷಕ್ಕೆ ಒಂದು ಸುತ್ತು. ಪ್ರತಿ ಕೇಂದ್ರವೂ ತನ್ನ ಹೆಸರನ್ನು ಹೇಳಿ, ಮೊದಲು 100 ವ್ಯಾಟ್, ನಂತರ 10, ನಂತರ 1, ಕೊನೆಗೆ ಒಂದು ವ್ಯಾಟಿನ ಹತ್ತನೆಯ ಒಂದು ಭಾಗದ ಶಕ್ತಿಯಲ್ಲಿ ಒಂದೊಂದು ದೀರ್ಘ ಸದ್ದನ್ನು ಕಳಿಸುತ್ತದೆ. ಕೊಲಂಬೊದ ಕೇಂದ್ರವನ್ನು ಬೆಳಗಿನ ಹೊತ್ತು ನಾನು ಎಷ್ಟೋ ಸಲ ಕೇಳಿದ್ದೇನೆ. ಆ ಕೊನೆಯ ಕ್ಷೀಣ ಸದ್ದೂ ಕಿವಿಗೆ ಬಿದ್ದರೆ ಆ ದಿನ ಆಕಾಶ ತೆರೆದಿದೆ ಎಂದರ್ಥ. ಕೈಟಾರ್ಚಿನ ಬಲ್ಬಿಗಿಂತಲೂ ಕಡಿಮೆ ಶಕ್ತಿ ಸಮುದ್ರ ದಾಟಿ ಬರುವುದನ್ನು ಕೇಳಿದವನಿಗೆ, ಸಣ್ಣದು ಎಂದು ಯಾವುದನ್ನೂ ತಿರಸ್ಕರಿಸಲು ಮನಸ್ಸು ಬಾರದು.

ಸಣ್ಣ ಕಾಣಿಕೆಗಳಿಂದ ದೊಡ್ಡ ಕಾರ್ಯವಾಗುವುದು ನಮ್ಮ ಸಮಾಜಕ್ಕೆ ಹೊಸದಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಲು ಹೊರಟಾಗ ಅವರ ಕೈಯಲ್ಲಿ ಇದ್ದುದು ಸಂಕಲ್ಪವೇ ಹೊರತು ಸಂಪತ್ತಲ್ಲ. ತಮ್ಮ ದುಡಿಮೆಯನ್ನು ಮೊದಲು ಸುರಿದು ಆಮೇಲೆ ಸಮಾಜದ ಮುಂದೆ ಕೈಯೊಡ್ಡಿದರು. ಸಮಾಜ ಅವರನ್ನು ನಂಬಿತು. ನಮ್ಮ ಮಠಾಧೀಶರು ಜೋಳಿಗೆ ಹಿಡಿದು ಊರೂರು ಸುತ್ತಿ ಪ್ರಸಾದನಿಲಯಗಳನ್ನು ನಡೆಸಿದುದೂ ಹೀಗೆಯೇ. ನಮ್ಮ ಅವ್ವನೂ ಪ್ರತಿದಿನ ಅಡುಗೆಗೆ ಮೊದಲು ಒಂದು ಹಿಡಿ ಜೋಳವನ್ನು ಬೇರೆ ಮಡಕೆಗೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಅದು ಮಠದ ದಾಸೋಹಕ್ಕೆ ಹೋಗುತ್ತಿತ್ತು. ಒಂದು ಹಿಡಿಯಿಂದ ಮನೆಯವರ ಹೊಟ್ಟೆ ಬರಿದಾಗಲಿಲ್ಲ. ಆದರೆ ನೂರಾರು ಮನೆಗಳ ಹಿಡಿಗಳು ಸೇರಿದಾಗ ನೂರಾರು ಮಕ್ಕಳು ಉಂಡರು.

ಸಾಮ್ಯ ಇಲ್ಲಿಯವರೆಗೆ ಸರಿ. ಆದರೆ ಅಣ್ಣನವರು ಕೇಳಬಹುದಾದ ಮಾತು ಉಳಿದೇ ಇದೆ: ಜೋಳಿಗೆಯಿಂದ ಮಕ್ಕಳು ಉಂಡರು, ಓದಿದರು, ಹಿಮದ್ವೀಪದ ಯಾತ್ರೆಯಿಂದ ಯಾರು ಉಂಡರು?

ಈ ಪ್ರಶ್ನೆಗೆ ಒಂದು ಉತ್ತರ ನಮ್ಮ ದೇಶದಲ್ಲಿಯೇ ಇದೆ. ಅಂಡಮಾನ್ ದ್ವೀಪಗಳಿಂದ ಹವ್ಯಾಸಿ ರೇಡಿಯೋ ನಡೆಸಲು ರಕ್ಷಣೆಯ ಕಾರಣಗಳಿಂದ ಅನುಮತಿ ದೊರೆಯುವುದು ಬಹಳ ಅಪರೂಪವಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಶ್ರೀಮತಿ ಭಾರತಿ ಪ್ರಸಾದ್ ಅವರು ಅದಕ್ಕಾಗಿ ಪಟ್ಟುಹಿಡಿದು ಪ್ರಯತ್ನಿಸಿ, 2004ರ ಡಿಸೆಂಬರಿನಲ್ಲಿ ಒಂದು ಸಣ್ಣ ತಂಡದೊಡನೆ ಪೋರ್ಟ್ ಬ್ಲೇರ್ ತಲುಪಿದರು. ಹೋಟೆಲೊಂದರಲ್ಲಿ ಕೇಂದ್ರ ಸ್ಥಾಪಿಸಿ ವಿಯು4ಆರ್‌ಬಿಐ ಎಂಬ ಸಂಕೇತದಿಂದ ಅವರು ಕರೆದಾಗ ಜಗತ್ತೇ ಉತ್ತರಿಸಿತು. ಏಕಕಾಲಕ್ಕೆ ನೂರಾರು ಜನ ಕೂಗುವ ಆ ಸದ್ದನ್ನು ಹ್ಯಾಮ್‌ಗಳು ಜಾತ್ರೆಯ ಗದ್ದಲಕ್ಕೆ ಹೋಲಿಸುತ್ತಾರೆ. ಅದರ ನಡುವೆ ಒಂದೊಂದೇ ಸಂಕೇತವನ್ನು ಹೆಕ್ಕಿ ಉತ್ತರಿಸುವುದು ಒಂದು ಸಾಧನೆ. ಆ ತಿಂಗಳ ಎರಡನೆಯ ವಾರದಲ್ಲಿ ನನ್ನ ಬೇವಿನ ಮರದ ಕರೆಗೂ ಅವರಿಂದ ಉತ್ತರ ಬಂದಿತ್ತು. ಆಗ ಅದು ಪೂರ್ತಿಯಾಗಿ ಆಟವೇ.

ಡಿಸೆಂಬರ್ 26ರ ಭಾನುವಾರ, ಬೆಳಗಿನ ಆರೂವರೆಯ ಹೊತ್ತಿಗೆ ಸುಮಾತ್ರದ ಬಳಿ ಸಮುದ್ರದ ತಳ ನಡುಗಿತು. ಅದರ ಹಿಂದೆಯೇ ಸುನಾಮಿ ಬಂದಿತು. ಅಂಡಮಾನ್ ನಿಕೋಬಾರ್ ದ್ವೀಪಗಳ ದೂರವಾಣಿ ಸಂಪರ್ಕ ಕಡಿದುಹೋಯಿತು. ಹೋಟೆಲಿನಿಂದ ಹೊರಗೋಡಿ ಬಂದ ಭಾರತಿಯವರು, ನೆಲ ಇನ್ನೂ ಅದುರುತ್ತಿರುವಾಗಲೇ, ಬಯಲಿನಲ್ಲಿ ರೇಡಿಯೋ ಇಟ್ಟು ಕರೆ ಕೊಟ್ಟರು. ಇಪ್ಪತ್ತಕ್ಕೂ ಹೆಚ್ಚು ದಿನ ಆಟವಾಡಿದ ಅದೇ ಉಪಕರಣ, ಅದೇ ಆಂಟೆನಾ, ಅದೇ ಅಭ್ಯಾಸ. ದ್ವೀಪದಲ್ಲಿ ಸಿಕ್ಕಿಕೊಂಡವರು ಬದುಕಿದ್ದಾರೆಂಬ ಸುದ್ದಿ ಆ ದಾರಿಯಿಂದ ನಾಡಿನ ಎಷ್ಟೋ ಮನೆಗಳನ್ನು ಮುಟ್ಟಿತು. ಮುಂದೆ ಜಿಲ್ಲಾಡಳಿತದ ಕಚೇರಿಯಲ್ಲಿಯೂ ಕೇಂದ್ರ ತೆರೆಯಲಾಯಿತು. ಅತಿ ಹೆಚ್ಚು ಹಾನಿಗೊಂಡ ಕಾರ್ ನಿಕೋಬಾರಿಗೂ ಹ್ಯಾಮ್‌ಗಳು ರೇಡಿಯೋ ಹೊತ್ತು ಹೋದರು. ಭೂಭಾಗದ ಹ್ಯಾಮ್‌ಗಳು ಸರದಿಯಂತೆ ಕುಳಿತು ಸಂದೇಶಗಳನ್ನು ಬರೆದುಕೊಂಡರು. ಅಂದು ನಾನೂ ಊಟ ಮರೆತು ಕುಳಿತಿದ್ದೆ. ನನ್ನಿಂದಾದ ಸೇವೆ ಹೆಚ್ಚಿನದೇನಲ್ಲ. ಬೇರೆಯವರ ಸಂದೇಶಗಳಿಗೆ ಅಡ್ಡಿಯಾಗದಂತೆ ಸುಮ್ಮನೆ ಕೇಳುತ್ತಿರುವುದೇ ಬಹುಪಾಲು ಹ್ಯಾಮ್‌ಗಳಿಗೆ ಆ ದಿನದ ಧರ್ಮವಾಗಿತ್ತು.

ಇದನ್ನು ಅಣ್ಣನವರಿಗೆ ಹೇಳಿದೆ. ಅವರು ಗಮನವಿಟ್ಟು ಕೇಳಿ, "ಅದು ಖರೆ. ಆದರ ಅಂಡಮಾನದಾಗ ಜನಾ ಇದ್ರು. ನಿನ್ನ ಹಿಮದ ಗುಡ್ಡದಾಗ ಯಾರದಾರ?" ಎಂದರು. ಹಿರಿಯರ ಈ ಮಾತನ್ನು ನಾನು ಒಪ್ಪಲೇಬೇಕಾಯಿತು. ಬೂವೆಯ ಯಾತ್ರೆಯಿಂದ ಯಾರ ಪ್ರಾಣವೂ ಉಳಿಯುವುದಿಲ್ಲ. ಸುನಾಮಿಯ ಕಥೆಯನ್ನು ಹೇಳಿ ಎಲ್ಲ ಯಾತ್ರೆಗಳನ್ನೂ ಲೋಕೋಪಕಾರವೆಂದು ಬಣ್ಣಿಸಿದರೆ ಅದು ಸತ್ಯಕ್ಕೆ ಅಪಚಾರ. ಹೇಳಬಹುದಾದುದು ಇಷ್ಟೇ: ಕಷ್ಟದ ದಿನ ಬಂದಾಗ ಕೆಲಸಕ್ಕೆ ಬರುವ ವಿದ್ಯೆಯನ್ನು ಸುಖದ ದಿನಗಳಲ್ಲಿಯೇ ರೂಢಿಸಬೇಕು, ಆಟ ಇಲ್ಲದಿದ್ದರೆ ಆ ರೂಢಿಯನ್ನು ಯಾರೂ ಉಳಿಸಿಕೊಳ್ಳಲಾರರು. ಗರಡಿಯಲ್ಲಿ ಸಾಮು ಮಾಡುವವನು ಪ್ರತಿದಿನ ಕಳ್ಳರನ್ನು ಹಿಡಿಯುವುದಿಲ್ಲ. ಹಾಗೆಂದು ಊರಿಗೆ ಗರಡಿಯೇ ಬೇಡವೆಂದು ಯಾರೂ ಹೇಳರು.

ಇನ್ನು ಬೂವೆಯ ಕಥೆ. ದಕ್ಷಿಣ ಅಮೆರಿಕದ ತುದಿಯ ಬಂದರಿನಿಂದ ಹೊರಟ ಆ ತಂಡ 2018ರ ಜನವರಿಯ ಕೊನೆಗೆ ದ್ವೀಪವನ್ನು ಕಣ್ಣಾರೆ ಕಂಡಿತು. ಆದರೆ ಬಿರುಗಾಳಿ, ಕೆಳಗಿಳಿದ ಮೋಡ, ಹೆಲಿಕಾಪ್ಟರ್ ಏರುವಂತಿರಲಿಲ್ಲ. ಗಾಳಿ ತಗ್ಗೀತೆಂದು ಕಾಯುತ್ತಿರುವಾಗ ಹಡಗಿನ ಒಂದು ಎಂಜಿನ್ ಕೆಟ್ಟಿತು. ನಾಯಕನು ಜನರ ಪ್ರಾಣವನ್ನು ಮುಖ್ಯವೆಂದೆಣಿಸಿ ಹಡಗನ್ನು ಕೇಪ್‌ಟೌನಿನತ್ತ ತಿರುಗಿಸಿದನು. ವರ್ಷಗಳ ಸಿದ್ಧತೆ, ಲಕ್ಷಾಂತರ ಡಾಲರು, ಸಾವಿರಾರು ಜನರ ಕಾಣಿಕೆ. ದ್ವೀಪದ ಮೇಲೆ ಒಂದು ಹೆಜ್ಜೆಯನ್ನೂ ಇಡಲಿಲ್ಲ, ಒಂದು ಸಂಪರ್ಕವೂ ಆಗಲಿಲ್ಲ.

ಸುದ್ದಿ ಕೇಳಿದ ದಿನ ನಮ್ಮ ಮನೆಯವರು ಮೆಲ್ಲಗೆ, "ಹಾಗಿದ್ದರೆ ನಿಮ್ಮ ರೊಕ್ಕ ನೀರಿನ್ಯಾಗ ಹೋತೇನ್ರಿ?" ಎಂದರು. ನಾನು ಉತ್ತರಿಸುವ ಮೊದಲೇ ಅವ್ವ, "ಮಠಕ್ಕ ಕೊಟ್ಟ ಜ್ವಾಳಾ ಯಾರ ಹೊಟ್ಟಿಗೆ ಹೋತು ಅಂತ ನಾ ಯಾವಾಗ ಕೇಳೇನಿ? ಕೊಟ್ಟಿದ್ದು ಕೊಟ್ಟಂಗ. ಆ ಹುಡುಗರು ಜೀವಂತ ಮನೀಗೆ ಬಂದ್ರಲ್ಲ, ಅಷ್ಟ ಸಾಕು" ಎಂದರು. ಶಾಲೆಯ ಮೆಟ್ಟಿಲನ್ನೇ ಹತ್ತದ ಅವ್ವ ದಾಸೋಹದ ಅರ್ಥವನ್ನು ಒಂದು ಮಾತಿನಲ್ಲಿ ಹೇಳಿದ್ದರು. ಫಲವನ್ನು ಕರಾರು ಮಾಡಿಕೊಂಡು ಕೊಡುವುದು ವ್ಯಾಪಾರ. ಪ್ರಾಮಾಣಿಕ ಪ್ರಯತ್ನಕ್ಕೆ ಹೆಗಲು ಕೊಡುವುದು ಬೇರೆ. ಪ್ರಯತ್ನ ಪ್ರಾಮಾಣಿಕವೇ ಎಂಬುದನ್ನು ಕೊಡುವ ಮೊದಲು ನೋಡಬೇಕು. ಕೊಟ್ಟ ಮೇಲೆ ಗಾಳಿಗೂ ಅಲೆಗೂ ನಾವು ಒಡೆಯರಲ್ಲ. ಅವ್ವ 2020ರಲ್ಲಿ ಲಿಂಗೈಕ್ಯರಾದರು. ಅವರ ಆ ಮಾತು ನಮ್ಮ ಮನೆಯಲ್ಲಿ ಗಾದೆಯಂತೆ ಉಳಿದಿದೆ.

2023ರ ಆರಂಭದಲ್ಲಿ ಬೇರೊಂದು ತಂಡ ಫಾಕ್‌ಲೆಂಡ್ ದ್ವೀಪಗಳಿಂದ ಚಿಕ್ಕ ಹಡಗೊಂದರಲ್ಲಿ ಬೂವೆಗೆ ಹೋಯಿತು. ಇವರ ಬಳಿ ಹೆಲಿಕಾಪ್ಟರ್ ಇರಲಿಲ್ಲ. ರಬ್ಬರ್ ದೋಣಿಯನ್ನು ದಡಕ್ಕೆ ಹತ್ತಿಸಲು ಅಲೆಗಳು ಬಿಡದಿದ್ದಾಗ, ನೀರು ಸೋಕದ ಉಡುಪು ತೊಟ್ಟು ಹಗ್ಗ ಹಿಡಿದು ಹಿಮದಂಥ ನೀರಿನಲ್ಲಿ ಈಜಿ ದಡ ಸೇರಿದರು. ತಂದ ಸಾಮಗ್ರಿಯನ್ನೆಲ್ಲ ಇಳಿಸಲಾಗಲಿಲ್ಲ. ಯೋಜಿಸಿದ್ದ ದೊಡ್ಡ ಶಿಬಿರವನ್ನು ಬಿಟ್ಟು, ಕೇಪ್ ಫೀ ಎಂಬಲ್ಲಿ ಸಣ್ಣ ಗುಡಾರ ಹಾಕಿ, ಸಾಧಾರಣ ಆಂಟೆನಾಗಳಿಂದ, ಕಡಿಮೆ ಶಕ್ತಿಯಲ್ಲಿ ಕರೆಯತೊಡಗಿದರು. ಸುಮಾರು 19 ಸಾವಿರ ಸಂಪರ್ಕಗಳಾದವು. ಪೆಸಿಫಿಕ್ ಸಾಗರದ ಡ್ಯೂಸಿ ದ್ವೀಪದಿಂದ 2008ರಲ್ಲಿ ಒಂದು ತಂಡ 1 ಲಕ್ಷ 83 ಸಾವಿರಕ್ಕೂ ಹೆಚ್ಚು ಸಂಪರ್ಕ ಮಾಡಿದ್ದನ್ನು ನೆನೆದರೆ ಇದು ಅಲ್ಪವೇ. ಆದರೂ ಎಷ್ಟೋ ವರ್ಷ ಮೂಕವಾಗಿದ್ದ ದ್ವೀಪ ಮಾತನಾಡಿತೆಂಬ ಸಂತೋಷ ಹ್ಯಾಮ್‌ಗಳಲ್ಲಿ ತುಂಬಿತು.

ನಾನು ಮೂರು ರಾತ್ರಿ ಕುಳಿತು ಕರೆದೆ. ಒಂದು ರಾತ್ರಿ, ಸಪ್ಪಳದ ಕೆಳಗೆ ಅಡಗಿದಂತೆ, ಅವರ ಮೋರ್ಸ್ ಸಂಕೇತ ನನ್ನ ಕಿವಿಗೆ ಬಿದ್ದಿತು. ನನ್ನ ಸಂಕೇತ ಅವರಿಗೆ ಕೇಳಿಸಲಿಲ್ಲ. ಬೆಂಗಳೂರಿನ ಒಬ್ಬ ಯುವಮಿತ್ರನ ಕರೆ ಮುಟ್ಟಿತು, ಮರುದಿನ ಬೆಳಗ್ಗೆ ಅವನು ದೂರವಾಣಿ ಮಾಡಿ, "ಸರ್, ಬೂವೆ ಸಿಕ್ಕಿತು!" ಎಂದು ಕೂಗಿದಾಗ ನನಗೂ ಹಬ್ಬವೇ ಆಯಿತು. ಅವನಿಗೆ ಮೋರ್ಸ್ ಕಲಿಯಲು ಒಂದು ಕಾಲದಲ್ಲಿ ನೆರವಾದವನು ನಾನು. ನನ್ನ ಪಟ್ಟಿಯಲ್ಲಿ ಬೂವೆಯ ಮುಂದಿನ ಸ್ಥಳ ಇಂದಿಗೂ ಖಾಲಿಯಿದೆ.

ಇಷ್ಟೆಲ್ಲ ಕಂಡು ಕೇಳಿದ ಮೇಲೆ ನನ್ನ ಮನಸ್ಸಿಗೆ ಮತ್ತೆ ಮತ್ತೆ ಬರುವುದು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಶರಣದಂಪತಿಗಳ ಕಥೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ನಮಗೆ ಬೇಕಾದುದು ಇಷ್ಟಲ್ಲ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬನ್ನಿರೆಂದು ಲಕ್ಕಮ್ಮ ಮರಳಿ ಕಳಿಸಿದರು. ಸಾರ್ವಜನಿಕರ ಹಣವನ್ನು ಮುಟ್ಟುವ ಪ್ರತಿಯೊಬ್ಬರೂ ಮನೆಯ ಗೋಡೆಗೆ ಬರೆದಿಟ್ಟುಕೊಳ್ಳಬೇಕಾದ ಕಥೆಯಿದು. ಬೇಡುವ ಹಕ್ಕು ಯಾರಿಗಿದೆ ಎಂಬುದಕ್ಕೂ, ಬೇಡಿದವನು ಎಲ್ಲಿ ನಿಲ್ಲಬೇಕು ಎಂಬುದಕ್ಕೂ ಉತ್ತರ ಅದರಲ್ಲಿದೆ.

ದ್ವೀಪಯಾತ್ರೆಯ ಹಣವನ್ನು ಈ ಅಳತೆಗೋಲಿನಿಂದಲೇ ನಾನೀಗ ಅಳೆಯುತ್ತೇನೆ. ಕೇಳುವವರು ಮೊದಲು ತಮ್ಮ ಕೈಯಿಂದ ಹಾಕಿದ್ದಾರೆಯೇ? ಲೆಕ್ಕವನ್ನು ಎಲ್ಲರ ಮುಂದೆ ಇಡುತ್ತಾರೆಯೇ? ಉಳಿದುದನ್ನು ಮುಂದಿನವರಿಗೆ ದಾಟಿಸುತ್ತಾರೆಯೇ? ಹೋದ ನೆಲವನ್ನು, ಅಲ್ಲಿಯ ಹಕ್ಕಿ ಸೀಲುಗಳ ಮನೆಯನ್ನು, ಇದ್ದಂತೆಯೇ ಬಿಟ್ಟು ಬರುತ್ತಾರೆಯೇ? ಈ ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ ಕೊಡಲು ಅಡ್ಡಿಯಿಲ್ಲ. ಆದರೆ ಕೊಡುವವನಿಗೂ ಒಂದು ನಿಯಮವಿದೆ. ಮನೆಯ ಅನ್ನ, ಊರಿನ ಶಾಲೆ, ಮಠದ ದಾಸೋಹ ಇವುಗಳ ಪಾಲು ಮೊದಲು ಸಲ್ಲಬೇಕು. ಆ ಪಾಲಿಗೆ ಕೈಹಾಕಿ ಆಟಕ್ಕೆ ಕೊಡುವುದು ಸಲ್ಲದು. ತನ್ನ ಸುಖಕ್ಕೆಂದು ಮೀಸಲಿಟ್ಟ ಭಾಗದಿಂದ ಕೊಡಲಿ. ನನ್ನ ದುರಸ್ತಿಯ ಗಳಿಕೆಯನ್ನು ನಾನೀಗ ಎರಡು ಡಬ್ಬಿಗಳಲ್ಲಿ ಹಾಕುತ್ತೇನೆ. ದೊಡ್ಡದು ಊರಿನದು, ಚಿಕ್ಕದು ದ್ವೀಪದ್ದು. ಊರಿನ ಶಾಲೆಗೆ ಈಗ ಸೋರದ ಮಾಳಿಗೆ ಬಂದಿದೆ. ಅಣ್ಣನವರು ಮನೆಮನೆ ತಿರುಗಿ ಕೂಡಿಸಿದ ಹಣದಿಂದ ಅದು ಆಯಿತು. ಅವರು ಬಂದಾಗಲೆಲ್ಲ ನನ್ನ ಎರಡೂ ಡಬ್ಬಿಗಳನ್ನು ಎತ್ತಿ ತೂಕ ನೋಡುತ್ತಾರೆ. ಚಿಕ್ಕ ಡಬ್ಬಿಯನ್ನು ಅವರು ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ. ಒಪ್ಪಬೇಕೆಂದು ನಾನೂ ಹಟ ಹಿಡಿದಿಲ್ಲ. ಅವರಂಥವರು ಕೇಳುತ್ತಿರುವುದರಿಂದಲೇ ನಮ್ಮಂಥವರ ಲೆಕ್ಕ ನೆಟ್ಟಗಿರುತ್ತದೆ.

ತರುಣರಿರುವ ಮನೆಗಳ ಹಿರಿಯರಲ್ಲಿ ನನ್ನದೊಂದು ವಿನಂತಿ. ಮಗನೋ ಮಗಳೋ ಫಲವಿಲ್ಲದಂತೆ ತೋರುವ ಯಾವುದೋ ವಿದ್ಯೆಯ ಬೆನ್ನು ಹತ್ತಿದಾಗ, ಇದರಿಂದ ಏನು ಬಂತು ಎಂದು ಒಮ್ಮೆಲೇ ಬಾಯಿ ಮುಚ್ಚಿಸಬೇಡಿರಿ. ಹನ್ನೆರಡು ವರ್ಷ ತುಂಬಿದವರು ಹವ್ಯಾಸಿ ರೇಡಿಯೋ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಅದರ ಪಾಠ ಹೇಳುವವರು ಬೆಂಗಳೂರಿನಲ್ಲಿಯೂ ನಾಡಿನ ಇತರ ಊರುಗಳಲ್ಲಿಯೂ ಇದ್ದಾರೆ. ದುಡಿದು ತಿನ್ನುವುದನ್ನು, ಲೆಕ್ಕ ಇಡುವುದನ್ನು, ಹೆಚ್ಚಾದುದನ್ನು ಮರಳಿ ಸುರಿಯುವುದನ್ನು ಮಕ್ಕಳಿಗೆ ಕಲಿಸಿದರೆ ಸಾಕು. ಆಮೇಲೆ ಅವರು ದೂರದ ಯಾವ ದ್ವೀಪಕ್ಕೆ ಹೊರಟರೂ ದಾರಿ ತಪ್ಪಲಾರರು.